ಬ್ಯಾಂಕಿನ ಗಂಟಲಲ್ಲಿ ಸಿಕ್ಕಿಕೊಂಡ ಕಂಪನಿ

ಹಕುಸೆತ್ಸು ಬ್ಯಾಂಕಿನ ಸಮಗ್ರ ಪರಿಶೀಲನಾ ವಿಭಾಗದ ಮಾನ್ಯರೇ,

ಸೂರಿನ ಮೇಲಿನ ಹಿಮವನ್ನು ಬೆಳಿಗ್ಗೆ ಕೆಳಗಿಳಿಸಿದರೆ ಸಂಜೆಗೆ ಅಷ್ಟೇ ಹಿಮ ಮತ್ತೆ ಬಂದು ಕೂರುವ ಈ ಜನವರಿಯಲ್ಲಿ ತಾವು, ತಮ್ಮ ಮನೆಯವರು, ತಮ್ಮ ಕಡತಗಳು ಮತ್ತು ಕಪಾಟುಗಳು ಎಲ್ಲರೂ ಬೆಚ್ಚಗಿದ್ದೀರೆಂದು ನಂಬಿ, ನಾಗಾವೊಕಾ ಊರಿನ ಸುರುರಿ ಕಂಪನಿಯ ಮುಖ್ಯಸ್ಥೆ, ಅಂದರೆ ಪ್ರತಿನಿಧಿ ನಿರ್ದೇಶಕಿ, ಇವಾಫುನೆ ಸುಮಿಯೆ ಎಂಬ ನಾನು ತಮಗೆ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇನೆ. ತಮ್ಮ ಹೆಸರು ಹಿಡಿದು ಕರೆಯಬೇಕೆಂಬ ಆಸೆ ಇತ್ತು. ಆದರೆ ತಮ್ಮ ವಿಭಾಗದಲ್ಲಿ ಯಾರಿದ್ದಾರೆ, ಎಷ್ಟು ಜನರಿದ್ದಾರೆ, ಅದು ಯಾವ ಮಹಡಿಯಲ್ಲಿದೆ ಎಂದು ಕೇಳಿದಾಗ ತಮ್ಮ ಶಾಖೆಯವರು ದೇವರ ಗುಡಿಯ ಒಳಬಾಗಿಲಿನ ಬಗ್ಗೆ ಮಾತನಾಡುವವರಂತೆ ದನಿ ತಗ್ಗಿಸಿ "ಅದನ್ನ ಹೇಳೋ ಹಾಗಿಲ್ಲ" ಎಂದರು. ಆದ್ದರಿಂದ ಊರಿನ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ. ತಾವು ಎಲ್ಲಿದ್ದರೂ ಪತ್ರಿಕೆಯನ್ನಂತೂ ತರಿಸುತ್ತೀರಷ್ಟೆ.

ನನ್ನ ಪರಿಚಯ ತಮಗೆ ಇದ್ದೇ ಇದೆ, ತಾವು ನನ್ನನ್ನು ಸಮಗ್ರವಾಗಿ ಪರಿಶೀಲಿಸಿದ್ದೀರಿ. ಓದುಗರ ಸಲುವಾಗಿ ಮಾತ್ರ ಹೇಳುತ್ತೇನೆ. ನಾನು ಬಹುಕಾಲ ಆಸಾಗಿರಿ ವೃದ್ಧನಿವಾಸದ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು. ಹೊಸ ವರ್ಷದ ಬೆಳಿಗ್ಗೆ ದೇಶವೆಲ್ಲ ಬಿಸಿ ಸಾರಿನಲ್ಲಿ ಮೊಚಿ ಮುಳುಗಿಸಿ ತಿನ್ನುವಾಗ, ಅಂಟಕ್ಕಿ ಕುಟ್ಟಿ ಮಾಡಿದ ಆ ಉಂಡೆ ಯಾವುದೋ ಊರಿನ ಯಾವುದೋ ಅಜ್ಜನ ಗಂಟಲಿಗೆ ಸಿಕ್ಕಿ ಉಸಿರು ನಿಲ್ಲಿಸಿತೆಂಬ ಸುದ್ದಿ ಪ್ರತಿ ವರ್ಷ ಬಂದೇ ಬರುತ್ತದೆ. ಅದಕ್ಕೆ ಹೆದರಿ ಆಸಾಗಿರಿಯಲ್ಲಿ ಮೊಚಿಯನ್ನು ನಿಲ್ಲಿಸಿಬಿಟ್ಟರು, ಅದರ ಬದಲು ಬಿಳಿ ಗಂಜಿಯನ್ನು ಚಂದದ ಬಟ್ಟಲಲ್ಲಿ ಹಾಕಿ ಕೊಡತೊಡಗಿದರು. ತೊಂಬತ್ತು ದಾಟಿದ ತೋಮಿ ಅಜ್ಜಿ ಆ ಬಟ್ಟಲನ್ನು ನೋಡಿ, "ಒನಕೆ ಮೇಲೇಳೋದ್ರೊಳಗೆ ಒರಳಿಗೆ ಕೈ ಹಾಕಿ ಮೊಚಿ ತಿರುವಿದೋಳು ನಾನು. ಗಂಜಿ ಕುಡಿದು ಹೊಸ ವರ್ಷ ಬಂತು ಅಂತ ಹೇಳ್ಬೇಕಾ ಮಗಳೇ? ನನಗೆ ಬರಲಿಲ್ಲ ಹೊಸ ವರ್ಷ, ನೀವೇ ಇಟ್ಕೊಳ್ಳಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದಾಗ, ಗಂಟಲಿಗೆ ಸಿಕ್ಕದ ಮೊಚಿಯೊಂದನ್ನು ಮಾಡಿಯೇ ತೀರಬೇಕೆಂದು ನಾನು ನಿಶ್ಚಯಿಸಿದೆ.

ನಮ್ಮ ಬೀದಿಯಲ್ಲಿ ಕಟ್ಟಿದ ಹಲ್ಲು ತಯಾರಿಸುವ ತೊಗಾಶಿ ಎಯ್ಜಿ ಎಂಬ ಹಿರಿಯರಿದ್ದಾರೆ. ಊರಿನ ಅರ್ಧ ಜನ ನಗುವುದು ಅವರ ಹಲ್ಲಿನಲ್ಲೇ. ಯಾವ ದವಡೆ ಏನನ್ನು ಅಗಿಯಬಲ್ಲದು, ಏನನ್ನು ಅಗಿದಂತೆ ನಟಿಸುತ್ತದೆ ಎಂಬುದು ಅವರಿಗೆ ಗೊತ್ತು. ನಾನು ಬೇಯಿಸಿ, ಅವರು ಕಚ್ಚಿ, ನಾನು ಮತ್ತೆ ಬೇಯಿಸಿ, ಅವರು ಬೈದು, ಹೀಗೆ ಕೊನೆಗೊಂದು ಮೊಚಿ ಸಿದ್ಧವಾಯಿತು. ಅದು ಊಟದ ಕಡ್ಡಿಯಲ್ಲಿ ಎತ್ತಿದರೆ ನೂಲಿನಂತೆ ಎಳೆಯುತ್ತದೆ, ಬಾಯಿಗೆ ಹೋದ ಮೇಲೆ ತುಂಡಾಗಿ ಸರಾಗವಾಗಿ ಇಳಿಯುತ್ತದೆ. ಆಸಾಗಿರಿಯ ಮುಖ್ಯಸ್ಥೆ ತಿಂದು ನೋಡಿ ಮೆಚ್ಚಿದರು. ಮೆಚ್ಚಿದವರು ಮರುಕ್ಷಣವೇ, "ನಮ್ಮ ಲೆಕ್ಕದವ್ರು ಒಬ್ಬ ವ್ಯಕ್ತಿ ಹೆಸರಿಗೆ ದುಡ್ಡು ಹಾಕಲ್ಲ ಸುಮಿಯೆಯವ್ರೇ. ಕಂಪನಿ ಆಗ್ಬೇಕು, ಕಂಪನಿ ಹೆಸರಲ್ಲಿ ಖಾತೆ ಇರ್ಬೇಕು. ಚಳಿಗಾಲದ ಅಡುಗೆ ಪಟ್ಟಿ ಬರೆಯೋದ್ರೊಳಗೆ ತಂದ್ಬಿಡಿ, ಹೊಸ ವರ್ಷದ ಸಾರಿಗೆ ನಿಮ್ಮ ಮೊಚಿನೇ ಹಾಕಿಸ್ತೀನಿ. ಇಲ್ಲಾಂದ್ರೆ ಗಂಜಿನೇ ಗತಿ" ಎಂದರು. ಹೀಗೆ ತೋಮಿ ಅಜ್ಜಿಗೆ ಹೊಸ ವರ್ಷ ಬರುವುದೂ ಬಿಡುವುದೂ ಒಂದು ಬ್ಯಾಂಕ್ ಖಾತೆಯ ಮೇಲೆ ನಿಂತಿತು.

ಮಾನ್ಯರೇ, ಕಂಪನಿ ಹುಟ್ಟಿಸುವುದು ಇಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ. ನೋಂದಣಿ ಕಚೇರಿಯವರು ಎರಡು ಮಾತೂ ಆಡದೆ ಕೂಸಿಗೆ ಹೆಸರಿಟ್ಟು ಕೈಗೆ ಕೊಟ್ಟರು. ಮಲಗಿಸಲು ತೊಟ್ಟಿಲು ಹುಡುಕುವಾಗಲೇ ಬೆವರು ಕಿತ್ತುಬಂತು. ತೊಗಾಶಿಯವರು ಎಲ್ಲ ಬ್ಯಾಂಕುಗಳ ಶುಲ್ಕ, ಸೌಲಭ್ಯ, ನಿಯಮಗಳನ್ನು ಗುಡ್ಡೆ ಹಾಕಿಕೊಂಡು ಕುಳಿತರು. ಮೊದಲು ಟೋಕಿಯೋದ ದೊಡ್ಡ ಬ್ಯಾಂಕೊಂದರ ಶಾಖೆಗೆ ಹೋದೆವು. ಅಲ್ಲಿ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ನನ್ನ ಹಿಮಗಾಲದ ಬೂಟು ನನಗೇ ಅಪರಾಧಿಯಂತೆ ಕಂಡಿತು. ಅಲ್ಲಿನವರು ನಮ್ಮ ಬಂಡವಾಳದ ಮೊತ್ತವನ್ನು ಓದಿ, ಮಗು ಬಿಡಿಸಿದ ಚಿತ್ರವನ್ನು ನೋಡುವ ಮುಖ ಮಾಡಿ, ಒಂದೆರಡು ವರ್ಷ ಬೆಳೆದು ಬನ್ನಿ ಎಂದರು. ಆಮೇಲೆ ಬರೀ ಫೋನಿನೊಳಗೆ ಇರುವ ಬ್ಯಾಂಕೊಂದಕ್ಕೆ ಅರ್ಜಿ ಹಾಕಿದೆವು. ಅದು ನಮ್ಮ ಕಂಪನಿ ನಿಜವಾಗಿ ಅಸ್ತಿತ್ವದಲ್ಲಿದೆ ಎಂಬುದು ತನಗೆ ಮನದಟ್ಟಾಗಲಿಲ್ಲ ಎಂದು ತಿಳಿಸಿತು. ತೊಗಾಶಿಯವರು ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಗಿಲಿಲ್ಲ, ಕಿಟಕಿಯಿಲ್ಲ, ಒಬ್ಬ ಮನುಷ್ಯ ಇಲ್ಲ. ಇದು ನಮ್ಮನ್ನ ಇಲ್ಲ ಅನ್ನುತ್ತಲ್ಲ, ಇದರ ಧೈರ್ಯ ಮೆಚ್ಚಬೇಕು" ಎಂದರು.

ಉಳಿದದ್ದು ಎರಡು: ಸೇತುವೆಯಾಚೆಯ ಪುಟ್ಟ ಸಹಕಾರಿ ಬ್ಯಾಂಕು ಮತ್ತು ತಾವು. ತೊಗಾಶಿಯವರು ಸಹಕಾರಿ ಬ್ಯಾಂಕೆಂದರು, ನಾನು ತಾವೆಂದೆ. ತಮ್ಮನ್ನು ಆರಿಸಲು ನನ್ನ ಬಳಿ ಪುಷ್ಟವಾದ ಕಾರಣಗಳಿದ್ದವು. ಬಿಲ್ಲಿನ ಕೆಳಗೆ ಹಕುಸೆತ್ಸು ಎಂದು ಅಚ್ಚಾದರೆ ಗಿರಾಕಿಗಳು ಬೆನ್ನು ನೆಟ್ಟಗೆ ಮಾಡಿ ಓದುತ್ತಾರೆ. ವರ್ಷದ ಕೊನೆಯಲ್ಲಿ ತಾವು ಹಂಚುವ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲು ಧಾರಾಳ ಜಾಗವಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಶಾಖೆಯ ಮುಂದಿನ ಹಿಮ ಕರಗಿಸುವ ಕೊಳವೆಗಳು ಊರಿನಲ್ಲೇ ಚೆನ್ನಾಗಿ ನೀರು ಚಿಮ್ಮಿಸುತ್ತವೆ. ಈ ವಯಸ್ಸಿನಲ್ಲಿ ಜಾರಿ ಬೀಳದೆ ಬಾಗಿಲು ಮುಟ್ಟಬಹುದಾದ ಬ್ಯಾಂಕೇ ಭದ್ರವಾದ ಬ್ಯಾಂಕು ಎಂದು ನಾನು ವಾದಿಸಿದೆ. ಪ್ರತಿನಿಧಿ ನಿರ್ದೇಶಕಿ ನಾನಾದ್ದರಿಂದ ನನ್ನ ಮಾತೇ ನಡೆಯಿತು. ಈ ಕೊನೆಯ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಬೇಕೆಂದು ಪ್ರಾರ್ಥನೆ.

ತಮ್ಮ ಶಾಖೆಯಲ್ಲಿ ನಮ್ಮನ್ನು ವಿಚಾರಿಸಿದವರು ಕನ್ನಡಕ ಹಾಕಿದ ಒಬ್ಬ ನಡುವಯಸ್ಸಿನ ಅಧಿಕಾರಿ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಬಹಳ ಗಂಭೀರವಾಗಿ ಕೇಳಿದರು: "ಗಂಟಲಿಗೆ ಸಿಕ್ಕದ ಮೊಚಿ ಅಂತ ಬರೆದಿದೀರಿ. ಇದು ಆಹಾರ ಅಂತ ಹಾಕಿಕೊಳ್ಳಲಾ, ಸುರಕ್ಷಾ ಸಾಧನ ಅಂತಲಾ?" ಆಹಾರವೆಂದೆ. "ಸುರುರಿ ಅಂದ್ರೆ ಜಾರಿ ಹೋಗೋದು ಅಂತ ಅಲ್ವಾ? ಬ್ಯಾಂಕಿನ ಲೆಕ್ಕದಲ್ಲಿ ಆ ಹೆಸರು ಸ್ವಲ್ಪ..." ಎಂದು ಅವರು ತಡವರಿಸಿದಾಗ ತೊಗಾಶಿಯವರು, "ಮೊಚಿ ಜಾರುತ್ತೆ ಸ್ವಾಮಿ, ನಾವು ಜಾರಲ್ಲ" ಎಂದು ಭರವಸೆ ಕೊಟ್ಟರು. ಕಂಪನಿ ನಿಜವೋ ಸುಳ್ಳೋ ನೋಡಲು ಅವರು ಖುದ್ದಾಗಿ ಬಂದರು. ನಮ್ಮ ಕಚೇರಿ ಇರುವುದು ತೊಗಾಶಿಯವರ ಹಲ್ಲಿನ ಕಾರ್ಯಾಗಾರದ ಹಿಂದಿನ ಕೋಣೆಯಲ್ಲಿ. ಕಪಾಟಿನ ತುಂಬ ಕುಳಿತು ಹಲ್ಲು ಕಿರಿಯುತ್ತಿದ್ದ ದವಡೆಗಳ ನಡುವೆ ತಲೆ ತಗ್ಗಿಸಿಕೊಂಡು ಅವರು ಫೋಟೋ ತೆಗೆದರು. ಬಿಸಿ ಮೊಚಿಯನ್ನು ಮುಂದಿಟ್ಟರೆ, ಗಿರಾಕಿಗಳಿಂದ ಏನನ್ನೂ ಸ್ವೀಕರಿಸಬಾರದೆಂಬ ತಮ್ಮ ನಿಯಮವನ್ನು ನೆನೆದು ವಾಸನೆಯನ್ನು ಮಾತ್ರ ಸ್ವೀಕರಿಸಿದರು. ಅದಕ್ಕೆ ರಸೀತಿ ಕೇಳಬೇಕೆಂದು ನನಗೆ ಆಗ ಹೊಳೆಯಲಿಲ್ಲ.

ಆಮೇಲೆ ತಮ್ಮ ಪತ್ರ ಬಂತು. ಎಂಥ ಪತ್ರ! ಇಷ್ಟು ವಿನಯದಿಂದ ಯಾರೂ ನನ್ನನ್ನು ಹೊರಗೆ ಹಾಕಿರಲಿಲ್ಲ. ಸಮಗ್ರ ಪರಿಶೀಲನೆಯ ಫಲವಾಗಿ ತಮ್ಮ ಆಶಯವನ್ನು ಈಡೇರಿಸಲಾಗದ್ದಕ್ಕೆ ವಿಷಾದಿಸುತ್ತೇವೆ, ಕಾರಣಗಳನ್ನು ತಿಳಿಸಲಾಗುವುದಿಲ್ಲ, ಸುರುರಿ ಕಂಪನಿಯ ಉತ್ತರೋತ್ತರ ಏಳಿಗೆಯನ್ನು ಹೃತ್ಪೂರ್ವಕವಾಗಿ ಹಾರೈಸುತ್ತೇವೆ. ಖಾತೆ ಕೊಡದೆ ಏಳಿಗೆ ಹಾರೈಸುವುದು ಎಲೆ ಹಾಕದೆ ಊಟ ಚೆನ್ನಾಗಿತ್ತೇ ಎಂದು ಕೇಳಿದಷ್ಟೇ ಸೊಗಸಾಗಿತ್ತು. ಅದೇ ವಾರ ಆಸಾಗಿರಿಯ ಮುಖ್ಯಸ್ಥೆ ಫೋನು ಮಾಡಿ, "ಏನಾಯ್ತು ಸುಮಿಯೆಯವ್ರೇ? ಗಂಜಿ ಅಕ್ಕಿಗೆ ಹೇಳ್ಬಿಡ್ಲಾ?" ಎಂದು ಕೇಳಿದರು. ಎರಡು ದಿನ ತಡೆಯಿರಿ ಎಂದೆ. ಯಾವ ಆಧಾರದ ಮೇಲೆ ಹಾಗೆಂದೆನೋ ನನಗೆ ಇಂದಿಗೂ ಗೊತ್ತಿಲ್ಲ.

ಕಾರಣ ತಿಳಿಯದವರು ಕಾರಣಗಳನ್ನು ಹೆಣೆಯುತ್ತಾ ಕೂರುತ್ತಾರೆ, ನಾವೂ ಕುಳಿತೆವು. ಕಂಪನಿಯ ಹೆಸರೇ ಕೆಟ್ಟದ್ದೆಂದು ನಾನಂದೆ. ದವಡೆಗಳ ಫೋಟೋ ನೋಡಿ ತಮ್ಮ ವಿಭಾಗದವರು ಹೆದರಿರಬೇಕೆಂದು ತೊಗಾಶಿಯವರು ಹೇಳಿದರು. ನಾವಿಬ್ಬರೂ ಹೀಗೆ ಕಾರಣ ಹುಡುಕುತ್ತಿದ್ದಾಗ, ರಜೆಯ ದಿನ, ಕನ್ನಡಕದ ಅಧಿಕಾರಿ ತಮ್ಮ ತಂದೆಯವರ ಬಿರುಕು ಬಿಟ್ಟ ಹಲ್ಲನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ರಿಪೇರಿಗೆ ತಂದರು. ಇಲ್ಲಿಂದ ಮುಂದೆ ನಾನು ಪ್ರಮಾಣ ಮಾಡಿ ಹೇಳುತ್ತೇನೆ: ಆ ಪುಣ್ಯಾತ್ಮರು ನಮಗೆ ಯಾವ ಕಾರಣವನ್ನೂ ತಿಳಿಸಲಿಲ್ಲ. ಹಲ್ಲನ್ನು ಮೇಜಿನ ಮೇಲಿಟ್ಟು, ಪತ್ರಿಕೆಯನ್ನು ಬಿಡಿಸಿ ಹರಡಿ, ಸಹಿಯ ಬದಲು ಒತ್ತುವ ತಮ್ಮ ಸ್ವಂತ ಮೊಹರನ್ನು ಜೇಬಿನಿಂದ ತೆಗೆದು ಅದರ ಅಂಚಿನಲ್ಲಿ ಒಮ್ಮೆ ನೆಟ್ಟಗೆ ಒತ್ತಿದರು. ಅದರ ಬಲಗಡೆ ಇನ್ನೊಮ್ಮೆ, ಮೊದಲನೆಯದರ ಕಡೆ ಸ್ವಲ್ಪ ವಾಲಿಸಿ ಒತ್ತಿದರು. ಆಮೇಲೆ ಛಾವಣಿ ನೋಡುತ್ತಾ, "ಸುಮ್ನೆ ಕೇಳ್ತೀನಿ. ಈ ಎರಡರಲ್ಲಿ ಯಜಮಾನ್ರು ಯಾರು?" ಎಂದರು.

ನಾನು ತಮಗೆ ಕೊಟ್ಟಿದ್ದ ಅರ್ಜಿಯ ನಮ್ಮ ಪ್ರತಿಯನ್ನು ಕಪಾಟಿನಿಂದ ತೆಗೆದೆ. ನಮ್ಮ ಕಾರ್ಯಯೋಜನೆಯ ಮೊದಲ ಪುಟದಲ್ಲಿ ಎರಡು ಮೊಹರುಗಳಿದ್ದವು: ಎಡಗಡೆ ತೊಗಾಶಿಯವರದು, ಪಕ್ಕದಲ್ಲಿ ನನ್ನದು. ನನ್ನದು ಎಡಕ್ಕೆ ವಾಲಿತ್ತು. ಮಾನ್ಯರೇ, ಅಡುಗೆಮನೆಗೆ ಸೇರುವ ಮೊದಲು ನಾನು ಕೆಲಸ ಕಲಿತ ಕಚೇರಿಯಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಟ್ಟಿದ್ದೇ ಅದು: ಮೇಲಿನವರ ಮೊಹರಿನ ಪಕ್ಕದಲ್ಲಿ ನಿನ್ನದನ್ನು ಒತ್ತುವಾಗ ಅದು ಅವರಿಗೆ ತಲೆಬಾಗಿ ನಿಂತಂತೆ ವಾಲಿಸು, ನೆಟ್ಟಗೆ ಒತ್ತಿದರೆ ಸೊಕ್ಕೆಂದು ತಿಳಿಯುತ್ತಾರೆ. ಆ ಕೈ ಅಂದಿನಿಂದ ವಾಲಿಯೇ ಒತ್ತಿದೆ. ತೊಗಾಶಿಯವರು ವಯಸ್ಸಿನಲ್ಲಿ ಹಿರಿಯರು, ನನ್ನ ತಾಯಿಗೂ ಹಲ್ಲು ಕಟ್ಟಿಕೊಟ್ಟವರು. ನನ್ನ ಕೈ ನನ್ನನ್ನು ಕೇಳದೆ ಅವರಿಗೆ ನಮಸ್ಕಾರ ಮಾಡಿಬಿಟ್ಟಿತ್ತು. ತಾವು ಬ್ಯಾಂಕಿನವರು, ಮೊಹರುಗಳ ಬೆನ್ನು ನೋಡಿಯೇ ಬದುಕಿದವರು. ತಾವು ತಕ್ಷಣ ಅರ್ಥಮಾಡಿಕೊಂಡಿರಿ: ಈ ಹೆಂಗಸು ಹೆಸರಿಗೆ ಮಾತ್ರ ನಿರ್ದೇಶಕಿ, ಪರದೆಯ ಹಿಂದಿನ ನಿಜವಾದ ಒಡೆಯ ಬೇರೆ, ಅದನ್ನು ನಮ್ಮಿಂದ ಮುಚ್ಚಿಟ್ಟಿದ್ದಾರೆ.

ತಮ್ಮ ಈ ದೃಷ್ಟಿಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆ. ನಲವತ್ತು ಪುಟದ ಯೋಜನೆಯಲ್ಲಿ ಪ್ರತಿಯೊಂದು ಪುಟವೂ ಈ ಕಂಪನಿ ಇವಾಫುನೆ ಸುಮಿಯೆಯದೆಂದು ಹೇಳುತ್ತಿತ್ತು, ಅದನ್ನು ತಾವು ನಂಬಲಿಲ್ಲ. ಸಾಸಿವೆಯಷ್ಟು ವಾಲಿದ ಒಂದು ಗುರುತು ಅಲ್ಲವೆಂದಿತು, ಅದನ್ನು ನಂಬಿದಿರಿ. ಮೊದಲು ನನಗೆ ನಗು ಬಂತು. ಆಮೇಲೆ ಸಿಟ್ಟು ಬಂತು, ತಮ್ಮ ಮೇಲಲ್ಲ, ನನ್ನ ಬಲಗೈಯ ಮೇಲೆ. ತೊಗಾಶಿಯವರಿಗೆ ಮಾತ್ರ ಖುಷಿಯೋ ಖುಷಿ. "ಅಂದ್ರೆ ಬ್ಯಾಂಕಿನವ್ರ ಲೆಕ್ಕದಲ್ಲಿ ಯಜಮಾನ ನಾನು! ಇಷ್ಟು ದಿನ ಮೊಚಿ ಕಚ್ಚೋ ಕೂಲಿ ಆಗಿದ್ದೆನಲ್ಲ ತಾಯಿ, ಮೊದಲೇ ಹೇಳಬಾರದಿತ್ತಾ? ನಾಳೆಯಿಂದ ಟೀ ನೀನು ಮಾಡು" ಎಂದರು. ಮರುದಿನದಿಂದಲೂ ಟೀ ಅವರೇ ಮಾಡಿದರು, ಅದು ಬೇರೆ ಮಾತು.

ಒಮ್ಮೆ ಬೇಡವೆಂದ ಕಂಪನಿಯನ್ನು ತಾವು ಕೂಡಲೇ ಮತ್ತೆ ನೋಡುವುದಿಲ್ಲವೆಂದು ತಿಳಿದು, ಸೇತುವೆ ದಾಟಿ ಸಹಕಾರಿ ಬ್ಯಾಂಕಿಗೆ ಹೋಗುವುದೆಂದಾಯಿತು. ಹೊಸ ಪ್ರತಿಯಲ್ಲಿ ಈ ಸಲ ನನ್ನ ಮೊಹರು ಎಡಗಡೆ, ನೆಟ್ಟಗೆ. ಹೇಳುವುದು ಸುಲಭ. ಕೈಯನ್ನು ಎಷ್ಟು ಹದ್ದುಬಸ್ತಿನಲ್ಲಿಟ್ಟರೂ ಕಾಗದ ಮುಟ್ಟುವ ಗಳಿಗೆಗೆ ಅದು ಸೊಂಟ ಬಗ್ಗಿಸುತ್ತಿತ್ತು. ಪಕ್ಕದಲ್ಲಿ ಯಾರೂ ಇರದಿದ್ದಾಗಲೂ ಅದು ಗೋಡೆಗೆ, ಗಡಿಯಾರಕ್ಕೆ, ಕಿಟಕಿಯಾಚೆಯ ಅಂಚೆಯವನಿಗೆ ತಲೆಬಾಗಿತು. ಹಾಳಾದ ಹಾಳೆಗಳನ್ನು ನೋಡಿ ತೊಗಾಶಿಯವರಿಗೆ ರೇಗಿತು. "ಏನು ತಾಯಿ, ಮೂವತ್ತು ಮುದುಕರಿಗೆ ಉಸಿರು ಕಟ್ಟದಂತೆ ತಿನ್ನಿಸ್ತೀನಿ ಅಂತ ಹೊರಟೋಳು, ಒಂದು ಕಾಗದದ ಮೇಲೆ ನೆಟ್ಟಗೆ ನಿಲ್ಲೋಕೆ ಆಗಲ್ವಾ?" ಎಂದು ಗದರಿ, ಹಲ್ಲಿನ ಸಾಲು ಸಮವಾಗಿದೆಯೇ ಎಂದು ನೋಡುವ ತಮ್ಮ ಹಿತ್ತಾಳೆಯ ಚೌಕಟ್ಟನ್ನು ತಂದು ನನ್ನ ಮಣಿಕಟ್ಟಿಗೆ ಬಿಗಿದರು. ಹೀಗೆ ದವಡೆ ಹಿಡಿಯುವ ಸಾಧನದಲ್ಲಿ ಕೈ ಸಿಕ್ಕಿಸಿಕೊಂಡು ನಾನು ನನ್ನ ಕಂಪನಿಯ ಒಡತಿಯಾದೆ.

ಸಹಕಾರಿ ಬ್ಯಾಂಕಿನ ವ್ಯವಸ್ಥಾಪಕರು ಹಿಮದಲ್ಲಿ ರಬ್ಬರ್ ಬೂಟು ಹಾಕಿಕೊಂಡು ತಾವೇ ಬಂದರು. ಅವರಿಗೆ ಪರಿಶೀಲನಾ ವಿಭಾಗವಿದೆಯೋ ಇಲ್ಲವೋ ತಿಳಿಯದು, ಪ್ರಶ್ನೆಗಳಂತೂ ಚುಟುಕಾಗಿದ್ದವು. "ಗಂಟಲಿಗೆ ಸಿಕ್ಕಲ್ಲ ಅಂತೀರಲ್ಲ, ಯಾರ ಮೇಲೆ ಪರೀಕ್ಷೆ ಮಾಡಿದ್ರಿ?" ಎಂದು ಕೇಳಿದರು. ತೊಗಾಶಿಯವರ ಮೇಲೆ ಎಂದೆ. ವ್ಯವಸ್ಥಾಪಕರು ತೊಗಾಶಿಯವರನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂ ಇದಾರಲ್ಲ, ಸರಿ" ಎಂದು ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಇವರು ಬಿಟ್ಟು ಹೋದ್ರೆ ಏನ್ಮಾಡ್ತೀರಿ?" ಎಂದರು. ಮೊಚಿ ಮಾಡುತ್ತೇನೆ ಎಂದೆ. ಆ ಉತ್ತರ ನನ್ನ ಬಾಯಿಂದ ಎಷ್ಟು ಬೇಗ ಬಂತೆಂದರೆ ತೊಗಾಶಿಯವರು ಸ್ವಲ್ಪ ನೊಂದುಕೊಂಡರು. ಖಾತೆ ಸಿಕ್ಕಿತು. ಆಸಾಗಿರಿಯ ಅಡುಗೆ ಪಟ್ಟಿಯಲ್ಲಿ ಗಂಜಿ ಎಂದಿದ್ದ ಕಡೆ ಒಂದು ಗೆರೆ ಎಳೆದರು.

ಹೊಸ ವರ್ಷದ ಬೆಳಿಗ್ಗೆ ಆಸಾಗಿರಿಯ ಊಟದ ಮನೆಯಲ್ಲಿ ದಾದಿಯರು ಒಂದು ಕಡೆ ಸಾಲಾಗಿ ನಿಂತಿದ್ದರು, ಮುಖ್ಯಸ್ಥೆ ಕಸ ಹೀರುವ ಯಂತ್ರಕ್ಕೆ ಗಂಟಲಿಗೆ ಹಾಕುವ ಮೂತಿ ಸಿಕ್ಕಿಸಿ, ವೈರನ್ನು ಗೋಡೆಗೆ ಚುಚ್ಚಿ, ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಅಷ್ಟೊಂದು ಕಣ್ಣುಗಳ ಮುಂದೆ ತೋಮಿ ಅಜ್ಜಿ ಕಡ್ಡಿಯಲ್ಲಿ ಮೊಚಿಯನ್ನು ಎತ್ತಿ, ಅದು ಮೂಗಿನವರೆಗೆ ಎಳೆಯುವುದನ್ನು ನೋಡಿ, ಬಾಯಿಗಿಟ್ಟುಕೊಂಡರು. ಅಗಿದರು, ನುಂಗಿದರು. ಯಾರೂ ಉಸಿರಾಡಲಿಲ್ಲ, ಅಜ್ಜಿಯೊಬ್ಬರೇ ಆಡಿದರು. "ಇದು ಮೊಚಿ ಅಲ್ಲ" ಎಂದರು. ನಾನು ಬಟ್ಟಲನ್ನು ಎತ್ತಿಕೊಳ್ಳಲು ಕೈ ಚಾಚಿದೆ. "ಇನ್ನೊಂದು ಹಾಕು ಮಗಳೇ, ಅಲ್ಲ ಅನ್ನೋದನ್ನ ಖಾತ್ರಿ ಮಾಡ್ಕೋತೀನಿ." ಎರಡನೆಯದನ್ನೂ ತಿಂದು, ಸಾರನ್ನೂ ಕುಡಿದು, ಬಟ್ಟಲನ್ನು ನನ್ನ ಕಡೆ ಚಾಚಿ, ಪಕ್ಕದಲ್ಲಿದ್ದ ಅಜ್ಜನಿಗೆ ಹೊಸ ವರ್ಷದ ಶುಭಾಶಯ ಹೇಳಿದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವ ನೆಪದಲ್ಲಿ ಅತ್ತುಬಿಟ್ಟೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈಗ ವಿಷಯ ಏನೆಂದರೆ, ಸುದ್ದಿ ಹಬ್ಬಿ ಬೇರೆ ವೃದ್ಧನಿವಾಸಗಳೂ ನಮ್ಮ ಮೊಚಿಗೆ ಹೇಳಿಕಳಿಸತೊಡಗಿದ ಮೇಲೆ ತಮ್ಮ ಬ್ಯಾಂಕಿನಿಂದ ಇನ್ನೊಂದು ಪತ್ರ ಬಂದಿದೆ. ಜೊತೆಗೆ ಒಂದು ಬಿಳಿ ಟವೆಲೂ ಇದೆ. ನಾಡಿನ ಉದಯೋನ್ಮುಖ ಉದ್ಯಮಿಯಾದ ನನಗೆ ಖಾತೆ ಕೊಡುವ ಸೌಭಾಗ್ಯ ತಮಗೆ ದೊರಕಲಿ ಎಂದು ಕೋರಿದ್ದೀರಿ. ನನ್ನ ಮನಸ್ಸು ತುಂಬಿ ಬಂದಿದೆ. ಆದರೂ ನಾನೂ ಈಗ ಒಂದು ಕಂಪನಿಯ ಮುಖ್ಯಸ್ಥೆಯಾದ್ದರಿಂದ, ಒಪ್ಪುವ ಮುನ್ನ ಕೆಲವು ಸಣ್ಣ ಕೋರಿಕೆಗಳನ್ನು ತಮ್ಮ ಮುಂದಿಡುತ್ತೇನೆ. ತಮ್ಮ ಶಾಖೆಯಲ್ಲಿ ಅರ್ಜಿದಾರರ ಕೈಯನ್ನು ನೆಟ್ಟಗೆ ಹಿಡಿಯುವ ಹಿತ್ತಾಳೆಯ ಚೌಕಟ್ಟೊಂದನ್ನು ಸರಪಳಿ ಹಾಕಿ ಇಡಬೇಕು, ಪೆನ್ನುಗಳನ್ನು ಇಟ್ಟಿದ್ದೀರಲ್ಲ, ಹಾಗೆ. ವಿನಯವನ್ನು ಎಷ್ಟು ಡಿಗ್ರಿಯವರೆಗೆ ಸಹಿಸಲಾಗುವುದು, ಎಲ್ಲಿಂದ ಮುಂದೆ ಅದು ಸಂಶಯಾಸ್ಪದವಾಗುವುದು ಎಂಬುದನ್ನು ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಬರೆಸಬೇಕು. ತಮ್ಮ ವಿಭಾಗದವರೆಲ್ಲ ವರ್ಷಕ್ಕೊಮ್ಮೆ ಬಿಸಿಲಿಗೆ ಬಂದು ಊರಿನ ಜನಕ್ಕೆ ಮುಖ ತೋರಿಸಬೇಕು, ಮಕ್ಕಳು ಹೆದರದಂತೆ ಹಗಲಲ್ಲೇ ಬಂದರೆ ಒಳ್ಳೆಯದು. ಕನ್ನಡಕದ ಅಧಿಕಾರಿಗೆ ಬಡ್ತಿ ಕೊಡಬೇಕು. ಯಾವ ಕನ್ನಡಕದವರೆಂದು ಕೇಳಬೇಡಿ, ತಮ್ಮ ಶಾಖೆಯಲ್ಲಿ ಕನ್ನಡಕ ಹಾಕಿದವರೆಲ್ಲರಿಗೂ ಕೊಟ್ಟುಬಿಡಿ.

ಇವೆಲ್ಲ ಆಗುವವರೆಗೆ ನಮ್ಮ ಖಾತೆ ಸೇತುವೆಯಾಚೆಯೇ ಇರುತ್ತದೆ. ಆ ಕಡೆಯ ಕೊಳವೆಗಳಲ್ಲಿ ನೀರು ಸರಿಯಾಗಿ ಬರುವುದಿಲ್ಲ, ಮೊನ್ನೆಯೂ ಬಾಗಿಲ ಮುಂದೆ ಜಾರಿ ಬಿದ್ದೆ, ರಬ್ಬರ್ ಬೂಟಿನ ವ್ಯವಸ್ಥಾಪಕರೇ ಬಂದು ಎಬ್ಬಿಸಿದರು. ಬಿದ್ದರೆ ಎಬ್ಬಿಸುವ ಬ್ಯಾಂಕೂ ಕಮ್ಮಿಯಿಲ್ಲ ಎಂದು ಈಗ ನನ್ನ ಅಭಿಪ್ರಾಯ ಬದಲಾಗಿದೆ. ಟವೆಲ್ ಚೆನ್ನಾಗಿದೆ, ಅದನ್ನು ವಾಪಸು ಕಳಿಸುತ್ತಿಲ್ಲ.

ಹಿಮ ಕರಗಿ ಹೊಲಗಳು ಕಾಣುವ ಕಾಲ ತಮ್ಮ ಮಹಡಿಗೂ ಬೇಗ ಬರಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಇವಾಫುನೆ ಸುಮಿಯೆ
ಪ್ರತಿನಿಧಿ ನಿರ್ದೇಶಕಿ, ಸುರುರಿ ಕಂಪನಿ

ಮರೆತ ಮಾತು: ಈ ಪತ್ರದ ಕೊನೆಯಲ್ಲಿ ಎರಡು ಮೊಹರುಗಳಿವೆ. ಎಡಗಡೆ ನೆಟ್ಟಗಿರುವುದು ನನ್ನದು, ಯಾವ ಚೌಕಟ್ಟೂ ಇಲ್ಲದೆ ಬರಿಗೈಯಲ್ಲಿ ಒತ್ತಿದ್ದು, ಬೇಕಾದರೆ ಅಳತೆಪಟ್ಟಿ ಇಟ್ಟು ನೋಡಿ. ಅದರ ಪಕ್ಕದಲ್ಲಿ ನನ್ನ ಕಡೆ ಚೆನ್ನಾಗಿ ವಾಲಿಕೊಂಡಿರುವುದು ತೊಗಾಶಿಯವರದು. ಬೇಡಿ, ಬ್ಯಾಂಕಿನವರು ತಪ್ಪು ತಿಳಿಯುತ್ತಾರೆ ಎಂದು ನಾನು ಎಷ್ಟೋ ಹೇಳಿದೆ. "ತಿಳೀಲಿ ಬಿಡು, ಈ ಸಲ ಸರಿಯಾಗೇ ತಿಳ್ಕೋತಾರೆ" ಎಂದರು.